ಮೂಡುಗಾಳಿಯೂ ಮುಚ್ಚಿಗೆ ಕೋಣೆಯೂ

'ಘಟ್ಟಕ್ಕೆ ಬೆಂಕಿ ಬಿದ್ದು ಎಂಟು ದಿನವಾಯಿತು. ಬೆಳಿಗ್ಗೆ ಎದ್ದರೆ ಗಂಟಲು ಕೆರೆತ. ಹೊಗೆ ಬರುತ್ತದೆಂದು ಕಿಟಕಿ ಮುಚ್ಚಿದರೆ ಎಪ್ಪತ್ತೆಂಟರ ಅಮ್ಮ ಸೆಕೆಗೆ ತಲೆ ಸುತ್ತಿ ಕೂರುತ್ತಾಳೆ. ನಾನು ಒದ್ದೆ ಟವೆಲ್ ಕಟ್ಟಿಕೊಂಡು ತೋಟಕ್ಕೆ ಹೋಗುತ್ತೇನೆ. ಬೆಂಗಳೂರಿನ ಮಗ ಏರ್ ಪ್ಯೂರಿಫೈಯರ್ ಕಳಿಸುತ್ತೇನೆ ಎನ್ನುತ್ತಾನೆ. ತರಿಸಲೇ? ಬಾಗಿಲು ಮುಚ್ಚಲೇ, ತೆಗೆಯಲೇ?'
— ಕುಮಟಾ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ಪ್ಯೂರಿಫೈಯರ್ ಕೆಟ್ಟದ್ದಲ್ಲ. ಕೋಣೆಯ ಅಳತೆಗೆ ಹೊಂದಿದರೆ, ಒಳಗೆ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇದ್ದರೆ, ಕರೆಂಟೂ ಇದ್ದರೆ ತನ್ನ ಕೆಲಸ ಮಾಡುತ್ತದೆ. ಮಗನ ಪ್ರೀತಿಗೆ ಇಷ್ಟು ಮರ್ಯಾದೆ ಸಲ್ಲಲಿ. ಆದರೆ ಹೆಂಚಿನ ಸಂದಿಯಲ್ಲಿ ಆಕಾಶ ಕಾಣುವ ಜಗುಲಿಯಲ್ಲಿ ಅದನ್ನಿಟ್ಟರೆ ಸಮುದ್ರವನ್ನು ಚೊಂಬಿನಲ್ಲಿ ಮೊಗೆದ ಹಾಗೆ.

ನಿಮ್ಮ ಪ್ರಶ್ನೆಗೆ ಉತ್ತರ ಗಾಳಿಯಲ್ಲಿದೆ. ಕರಾವಳಿಯಲ್ಲಿ ರಾತ್ರಿ ನೆಲ ಬೇಗ ತಣಿದು ಗಾಳಿ ಘಟ್ಟದಿಂದ ಕಡಲಿಗೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ತಿರುಗಿ ಕಡಲಿಂದ ಬರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ನಮ್ಮನ್ನು ಬೇಯಿಸುವುದು ಈ ತಿರುವು ತಡವಾದ ದಿನಗಳು. ಮೂಡಣದಿಂದ ಬೀಸುವ ಮೂಡುಗಾಳಿ ಜೋರಾಗಿ ಘಟ್ಟ ಇಳಿಯುತ್ತ ಬಿಸಿಯೇರುತ್ತದೆ, ಕಡಲಗಾಳಿಯನ್ನು ಒಳಗೆ ಬಿಡುವುದಿಲ್ಲ. ಕರಾವಳಿಯಲ್ಲಿ ಉಷ್ಣಾಂಶ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಕರೆಯುತ್ತದೆ. ದೇವಿಮನೆ, ಅರಬೈಲು ಘಟ್ಟಗಳ ಹೊಗೆಯನ್ನು ಹೊತ್ತು ತರುವುದೂ ಅದೇ ಮೂಡುಗಾಳಿಯೇ. ನಿಮ್ಮ ಅಮ್ಮನ ಸೆಕೆಯೂ ನಿಮ್ಮ ಗಂಟಲ ಕೆರೆತವೂ ಒಂದೇ ಬಂಡಿಯಲ್ಲಿ ಬಂದಿವೆ.

ಅಂಗಳದ ಬಟ್ಟೆ ಹಗ್ಗಕ್ಕೆ ಹಳೆ ಸೀರೆಯ ಒಂದು ಮೊಳದ ಪಟ್ಟಿ ಕಟ್ಟಿ. ಅದು ಕಡಲ ಕಡೆ ಹಾರುತ್ತಿರುವಷ್ಟು ಹೊತ್ತು ಕಿಟಕಿ ಮುಚ್ಚಿರಲಿ. ಘಟ್ಟದ ಕಡೆ ಹೊರಳಿದ ಕೂಡಲೇ ಪಡುವಣ ಕಿಟಕಿ ಪೂರ್ತಿ ತೆಗೆಯಿರಿ. ಒಳಗಿನ ಹಳಸು ಗಾಳಿ ಹೋಗಲು ಮೂಡಣದ್ದನ್ನು ಒಂದಿಷ್ಟು ಸರಿಸಿ. ಸಾಮಾನ್ಯ ದಿನ ಇದು ಹನ್ನೊಂದರ ಆಸುಪಾಸು, ಬಿಸಿಗಾಳಿಯ ದಿನ ಮಧ್ಯಾಹ್ನ ಒಂದಕ್ಕೋ ಎರಡಕ್ಕೋ. ಸಂಜೆ ಪಟ್ಟಿ ಜೋತುಬಿದ್ದರೆ ಮತ್ತೆ ಮುಚ್ಚುವ ಹೊತ್ತು. ಪಡುವಣಕ್ಕೇ ಯಾರೋ ಗೇರು ಹಕ್ಕಲು ಸುಡುತ್ತಿದ್ದರೆ ಈ ಲೆಕ್ಕ ನಡೆಯದು. ಘಟ್ಟದ ಮೇಲಿನ ಶಿರಸಿ ಕಡೆಯವರಿಗೆ ಕಡಲಗಾಳಿಯ ಆಸರೆ ಕಡಿಮೆ. ಅಲ್ಲಿ ರಾತ್ರಿಯ ತಂಪಿಗೆ ಹೊಗೆ ಕಣಿವೆಯ ತೋಟಗಳಲ್ಲಿ ಕೂತು, ಬಿಸಿಲು ಬಲಿಯುವ ತನಕ ಏಳುವುದಿಲ್ಲ. ಅವರು ಮನೆಗೆ ಗಾಳಿಯಾಡಿಸಬೇಕಾದದ್ದು ಸೂರ್ಯ ಮುಳುಗುವ ಮುಂಚಿನ ಎರಡು ತಾಸು.

ಮುಚ್ಚಿಡಲು ಇಡೀ ಮನೆ ಬೇಕಿಲ್ಲ, ಒಂದು ಕೋಣೆ ಸಾಕು. ಹಳೆ ಮನೆಯಾದರೆ ಮುಚ್ಚಿಗೆ ಇರುವ ಕೋಣೆಯನ್ನೇ ಆರಿಸಿ. ಹಲಗೆಯ ಮೇಲೆ ಮಣ್ಣು ಹಾಸಿದ ಆ ಮುಚ್ಚಿಗೆ ಹೆಂಚಿನ ಕಾವನ್ನೂ ತಡೆಯುತ್ತದೆ, ಸಂದಿಯ ಹೊಗೆಯನ್ನೂ ತಡೆಯುತ್ತದೆ. ಕಾಂಕ್ರೀಟಿನ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕಕ್ಕುತ್ತದೆ, ಅದನ್ನು ಕಟ್ಟಿಸಲು ಮುಚ್ಚಿಗೆ ಕಿತ್ತವರು ಈಗ ಫ್ಯಾನಿನ ಕೆಳಗೆ ಬೇಯುತ್ತಿದ್ದಾರೆ. ಬಾಗಿಲಡಿಗೆ ಸುತ್ತಿದ ಗೋಣಿ ಇಡಿ. ಆ ಹೊತ್ತಿನಲ್ಲಿ ಊದುಬತ್ತಿ, ಸೊಳ್ಳೆಬತ್ತಿ, ಮೀನು ಹುರಿಯುವುದು ಬೇಡ. ಬಚ್ಚಲೊಲೆಗೆ ಸಿಪ್ಪೆ ತುಂಬುವುದಂತೂ ಬೇಡವೇ ಬೇಡ. ಕಸ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಡೆಸರ್ಟ್ ಕೂಲರ್ ಹೊರಗಿನ ಹೊಗೆಯನ್ನೇ ಎಳೆದು ತರುತ್ತದೆ. ಕರಾವಳಿಯ ತೇವಕ್ಕೆ ಅದು ತಂಪನ್ನೂ ಕೊಡದು.

ಕರೆಂಟು ಹೋಗಿ ಕೋಣೆ ಕಾದರೆ ಮಾತ್ರ ಹೊಗೆಯ ಲೆಕ್ಕ ಬಿಟ್ಟು ಕಿಟಕಿ ತೆಗೆಯಿರಿ. ಹೊಗೆ ನಿಧಾನವಾಗಿ ಕೆಡಿಸುತ್ತದೆ, ಸೆಕೆ ಮುದುಕರನ್ನು ಒಂದೇ ಮಧ್ಯಾಹ್ನದಲ್ಲಿ ಒಯ್ಯುತ್ತದೆ. ಅಮ್ಮನ ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಒತ್ತಿ ಬೀಸಿ, ಉಪ್ಪು ಹಾಕಿದ ಮಜ್ಜಿಗೆಯನ್ನೋ ಮುರುಗಲು (ಕೋಕಂ) ಪಾನಕವನ್ನೋ ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ದಿಕ್ಕು ತಪ್ಪಿದಂತೆ ಆಡಿದರೆ ಕುಡಿಸುವುದನ್ನು ನಿಲ್ಲಿಸಿ, ಮೈಗೆ ನೀರು ಹಾಕುತ್ತಲೇ 108ಕ್ಕೆ ಫೋನ್ ಮಾಡಿ.

ಇನ್ನು ನಿಮ್ಮ ಟವೆಲ್. ಬೇಜಾರಾಗಬೇಡಿ, ಅದು ಬೂದಿಯ ಚೂರನ್ನು ತಡೆಯುತ್ತದೆ ಅಷ್ಟೇ. ಎದೆಗೂಡಿಗೆ ಇಳಿಯುವುದು 2.5 ಮೈಕ್ರಾನಿಗಿಂತ ಸಣ್ಣ ಕಣ. ಬಟ್ಟೆಯ ಎಳೆಗಳ ನಡುವೆ ಆರಾಮಾಗಿ ನುಸುಳುತ್ತದೆ. ಎನ್95 ಮಾಸ್ಕ್ ತನ್ನಿ, ಪಟ್ಟಿ ಕಿವಿಗಲ್ಲ, ತಲೆಗೆ ಹಾಕುವಂಥದ್ದು. ಮೂಗಿನ ತಂತಿಯನ್ನು ಎರಡೂ ಕೈಯಲ್ಲಿ ಒತ್ತಿ, ಉಸಿರೆಳೆದಾಗ ಮಾಸ್ಕ್ ಒಳಕ್ಕೆ ಸೆಳೆದುಕೊಳ್ಳಬೇಕು. ಕುರುಚಲು ಗಡ್ಡವಿದ್ದರೆ ಪಕ್ಕದಿಂದ ಸೋರುತ್ತದೆ. ಸೋಪಿನಲ್ಲಿ ತೊಳೆಯಬೇಡಿ, ಕಣ ಹಿಡಿಯುವ ಅದರ ವಿದ್ಯುದಾವೇಶ ಹೋಗುತ್ತದೆ. ಬಿಸಿಲಿಗೆ ಹೆದರಿ ಎಲ್ಲರೂ ತೋಟದ ಕೆಲಸವನ್ನು ಬೆಳಿಗ್ಗೆಗೆ ಹಾಕಿಕೊಳ್ಳುತ್ತಾರೆ, ಹೊಗೆ ದಟ್ಟವಾಗಿರುವುದೂ ಆಗಲೇ. ಪುಣ್ಯಕ್ಕೆ ಮಾಸ್ಕ್ ಸಹಿಸಬಹುದಾದ ಹೊತ್ತೂ ಅದೇ.

ಬೆಳಗಿನ ಈ ನಾಲ್ಕು ತಾಸಿನ ಹೊಗೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನಮ್ಮ ವಾಯು ಗುಣಮಟ್ಟ ಸೂಚ್ಯಂಕದಲ್ಲಿ 2.5 ಮೈಕ್ರಾನಿನ ಈ ಕಣಕ್ಕೆ ಹಿಡಿಯುವುದು 24 ತಾಸಿನ ಸರಾಸರಿ. ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಮಧ್ಯಾಹ್ನದ ಕಡಲಗಾಳಿಯನ್ನು ಬೆರೆಸಿ ಸರಾಸರಿ ತೆಗೆದರೆ ನಿಮ್ಮ ಗಂಟಲು ಸೂಚ್ಯಂಕದ ಭಾಷೆಯಲ್ಲಿ 'ಸಮಾಧಾನಕರ'. ಮೊಬೈಲಿಗೆ ಬರುವ ಸಲಹೆಗಳೂ ಚಳಿಗಾಲದ ದೆಹಲಿಗೆ ಬರೆದವು: ಕಿಟಕಿ ಮುಚ್ಚಿ, ಒಳಗಿರಿ. ಮೂವತ್ತೇಳು ಡಿಗ್ರಿಯಲ್ಲಿ ಒಳಗಿರುವುದು ಹೇಗೆಂದು ಬರೆದವರಿಗೆ ಗೊತ್ತಿಲ್ಲ.

ಕೊನೆಗೆ ನಿಮ್ಮ ಪತ್ರದ ಮೊದಲ ವಾಕ್ಯ. 'ಬೆಂಕಿ ಬಿತ್ತು' ಎನ್ನುತ್ತೀರಿ, ಆಲಿಕಲ್ಲು ಬಿದ್ದ ಹಾಗೆ. ನಮ್ಮ ಕಾಡಿಗೆ ಬೆಂಕಿ ಬೀಳುವುದು ಅಪರೂಪ, ಹಾಕುವುದೇ ಹೆಚ್ಚು: ಹೊಸ ಹುಲ್ಲಿಗೆಂದು, ಜೇನಿಗೆಂದು, ಬೀಡಿಯ ತುಂಡಿನಿಂದ, ರಸ್ತೆ ಬದಿಯ ಕಸಕ್ಕೆ ಕಡ್ಡಿ ಗೀರಿ. ಅದು ಹರಿಯುವುದು ನೆಲದ ದರಕಿನಲ್ಲಿ, ಎಂದರೆ ಉದುರಿದ ಒಣ ಎಲೆಯಲ್ಲಿ. ಉರಿ ಮುಂದೆ ಹೋದ ಮೇಲೂ ಒಣ ಬೊಡ್ಡೆಗಳು ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತವೆ. ಎಲೆ ಕಾಡಿನ ಮಣ್ಣಿಗೇ ಸೇರಬೇಕು, ಗುಡಿಸಬಾರದು ಎನ್ನುವವರ ಮಾತಿನಲ್ಲಿ ಹುರುಳಿದೆ, ಒಳಗಾಡಿನ ಮಟ್ಟಿಗೆ. ಆದರೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ದರಕು ಕೊಟ್ಟಿಗೆಗೆ ಬಂದು ಗೊಬ್ಬರವಾಗುತ್ತಿತ್ತು. ದನ ಹೋದವು, ದರಕು ಬೆಟ್ಟದಲ್ಲೇ ಉಳಿಯಿತು. ಅದರ ಮೇಲೆ 1980ರ ದಶಕದಿಂದ ನೆಟ್ಟ ಅಕೇಶಿಯಾ. ಅದರ ಎಲೆ ಬೇಗ ಕೊಳೆಯುವುದೂ ಇಲ್ಲ. ಪ್ಯೂರಿಫೈಯರ್ ದುಡ್ಡಿನಲ್ಲಿ ನಾಲ್ಕಾಳು ಹಿಡಿದು ಮುಂದಿನ ಜನವರಿ ಮುಗಿಯುವುದರೊಳಗೆ ಬೆಟ್ಟದ ಅಂಚಿನಲ್ಲಿ, ಬೆಂಕಿ ದಾಟದಂತೆ, ಎರಡು ಮಾರು ಅಗಲಕ್ಕೆ ಬೆಂಕಿಗೆರೆ ಗುಡಿಸಿಸಿ. ಮಗನಿಗೆ ಹೇಳಿ, ಈ ಸಲಕ್ಕೆ ತಲೆಗೆ ಹಾಕುವ ಪಟ್ಟಿಯ ಎನ್95 ಒಂದು ಡಬ್ಬಿ ಕಳಿಸಲಿ.