ಡಿಡಿ ಫ್ರೀ ಡಿಶ್‌ಗಾಗಿ ಬೆಂಗಳೂರಿನಲ್ಲಿ ಡಿಶ್ ಎತ್ತ ತಿರುಗಿಸಬೇಕು? ಸ್ಟ್ರೆಂತ್ ತೋರಿಸಿದರೂ ಚಿತ್ರ ಬರುವುದಿಲ್ಲವೇಕೆ?

ಆಗ್ನೇಯಕ್ಕೆ. ಈ ವಾಹಿನಿಗಳು ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಉತ್ತರದಿಂದ ಬಲಕ್ಕೆ ಸುಮಾರು 128 ಡಿಗ್ರಿ, ದಿಗಂತದಿಂದ ಸುಮಾರು 66 ಡಿಗ್ರಿ ಎತ್ತರ. ಮನೆಯ ಡಿಶ್ ಸಾಮಾನ್ಯವಾಗಿ ಆಫ್‌ಸೆಟ್ ಮಾದರಿಯದು, ಅಂದರೆ ಸಿಗ್ನಲ್ ಅದರ ಮೇಲೆ ಓರೆಯಾಗಿ ಬೀಳುತ್ತದೆ. ಅದರ ಮುಖ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣುವುದೇ ಇಲ್ಲ. ಹಾಗಾಗಿ ಕಣ್ಣಂದಾಜು ಬಿಟ್ಟು ಬ್ರಾಕೆಟ್ ಮೇಲಿನ ಡಿಗ್ರಿ ಗುರುತನ್ನು ನೋಡಿ. ಕಂಬ ನೆಟ್ಟಗಿಲ್ಲದಿದ್ದರೆ ಆ ಗುರುತೂ ಸುಳ್ಳೇ. ದಿಕ್ಸೂಚಿಯನ್ನು ಕಬ್ಬಿಣದ ಕಂಬದಿಂದ ದೂರ ಹಿಡಿಯಿರಿ.

ಸೆಟ್ ಟಾಪ್ ಬಾಕ್ಸ್‌ನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ. ಎಲ್‌ಎನ್‌ಬಿಗೆ (ಡಿಶ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ವಿದ್ಯುತ್ ತಲುಪಿದರೆ ಸಾಕು, ಡಿಶ್ ಎತ್ತ ನೋಡುತ್ತಿದ್ದರೂ ಸ್ಟ್ರೆಂತ್ ಪಟ್ಟಿ ಏರುತ್ತದೆ, ಅದಕ್ಕೆ ಮರುಳಾಗಬೇಡಿ. ನೋಡಬೇಕಾದದ್ದು ಕ್ವಾಲಿಟಿ ಪಟ್ಟಿ, ಉಪಗ್ರಹದ ಸಿಗ್ನಲ್ ನಿಜವಾಗಿ ಸಿಕ್ಕಾಗಲೇ ಅದು ಏರುವುದು. ಡಿಶ್ಶನ್ನು ಕೂದಲೆಳೆಯಷ್ಟು ಸರಿಸಿ, ಎರಡು ಮೂರು ಸೆಕೆಂಡು ಕಾಯಿರಿ. ಬಾಕ್ಸ್ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ತಿರುಗಿಸುವವರು ಉಪಗ್ರಹವನ್ನು ದಾಟಿಯೇ ಹೋಗಿರುತ್ತಾರೆ.

ಕ್ವಾಲಿಟಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಕ್ಲಾಂಪಿನೊಳಗೇ ನಿಧಾನವಾಗಿ ತಿರುಗಿಸಿ ನೋಡಿ, ಇನ್ನಷ್ಟು ಏರಬಹುದು. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಜರುಗುತ್ತದೆ.