ನಾಣ್ಯದ ಚೀಟಿಯಲ್ಲಿ ‘ಆರ್‌ಐಸಿ 30’ ಅಂತ ಇದ್ದರೆ ಏನರ್ಥ?

ನಿಮ್ಮ ಹತ್ತಿರ ಇರುವ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯದ ಚೀಟಿಯಲ್ಲಿ ‘ಆರ್‌ಐಸಿ 30, ಆರ್‌ಎಸ್‌ಸಿ 16ಎ’ ಅಂತಿದೆ, ಇದು ಸೀರಿಯಲ್ ನಂಬರಾ ಅಂತ ಕೇಳಿದ್ದೀರಿ. ಅಲ್ಲ. ಎರಡು ಬೇರೆ ಬೇರೆ ಪುಸ್ತಕಗಳು ಈ ಬಗೆಯ ನಾಣ್ಯಕ್ಕೆ ಕೊಟ್ಟ ನಂಬರ್‌ಗಳಿವು. ಇಂಥದ್ದೇ ಅಚ್ಚಿನ ನಾಣ್ಯ ಯಾರ ಹತ್ತಿರ ಇದ್ದರೂ ಅದೇ ನಂಬರ್.

ಆರ್‌ಐಸಿ ಅಂದರೆ ‘ರೋಮನ್ ಇಂಪೀರಿಯಲ್ ಕಾಯಿನೇಜ್’. 1923ರಲ್ಲಿ ಮೊದಲ ಸಂಪುಟ ಬಂತು, ಹತ್ತನೆಯದು ಬಂದದ್ದು 1994ರಲ್ಲಿ. ಎಡವಟ್ಟಾಗುವುದು ಇಲ್ಲೇ. ಮೊದಲ ಸಂಪುಟದಲ್ಲಿ ಚಕ್ರವರ್ತಿ ಬದಲಾದರೆ ಎಣಿಕೆ ಮತ್ತೆ 1ರಿಂದ ಶುರು. ಕಾನ್‌ಸ್ಟಂಟೈನ್ ಕಾಲದ ಸಂಪುಟಗಳಿಗೆ ಬಂದರೆ ಟಂಕಸಾಲೆಯ ಊರು ಬದಲಾದಾಗಲೂ ಹಾಗೇ. ಬರೀ ‘ಆರ್‌ಐಸಿ 30’ ಅಂದರೆ ಅಗಸ್ಟಸ್‌ನದ್ದೂ ಆಗಬಹುದು, ಟೈಬೀರಿಯಸ್‌ನದ್ದೂ ಆಗಬಹುದು. ಸಂಪುಟ, ಚಕ್ರವರ್ತಿ ಇಲ್ಲದ ನಂಬರ್ ಊರಿನ ಹೆಸರಿಲ್ಲದ ಡೋರ್ ನಂಬರ್ ಇದ್ದ ಹಾಗೆ.

ಆವೃತ್ತಿಯನ್ನೂ ನೋಡಲೇಬೇಕು, ಅದನ್ನು ನೋಡದೆ ನಾನು ದುಡ್ಡು ಕಳೆದುಕೊಂಡಿದ್ದೇನೆ. ನನ್ನ ಹತ್ತಿರ ‘ಆರ್‌ಐಸಿ 3’ ಅಂತ ಚೀಟಿ ಇದ್ದ ಟೈಬೀರಿಯಸ್ ಡೆನಾರಿಯಸ್ (ರೋಮನ್ ಬೆಳ್ಳಿ ನಾಣ್ಯ) ಇತ್ತು. ಒಬ್ಬ ವ್ಯಾಪಾರಿಯ ಹತ್ತಿರ ‘ಆರ್‌ಐಸಿ 30’ ಕಂಡಾಗ ಬೇರೆ ಬಗೆ ಅಂದುಕೊಂಡು, ಫೋಟೋ ಕೂಡ ಸರಿಯಾಗಿ ನೋಡದೆ ತಗೊಂಡುಬಿಟ್ಟೆ. ಮನೆಗೆ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟರೆ ಮುಂದೆ ಅದೇ ತಲೆ, ಹಿಂದೆ ಕುರ್ಚಿಯಲ್ಲಿ ಕೂತ ಅದೇ ಹೆಂಗಸು, ಸುತ್ತ ಅದೇ ‘ಪೊಂಟಿಫ್ ಮ್ಯಾಕ್ಸಿಮ್’ ಅಕ್ಷರ! 3 ಹಳೇ ಆವೃತ್ತಿಯ ನಂಬರ್, 1984ರ ಪರಿಷ್ಕೃತ ಆವೃತ್ತಿಯಲ್ಲಿ ಅದೇ 30 ಆಗಿದೆ, ಅಷ್ಟೇ.

ಆರ್‌ಎಸ್‌ಸಿ ಅಂದರೆ ‘ರೋಮನ್ ಸಿಲ್ವರ್ ಕಾಯಿನ್ಸ್’, ಅದು ಬೆಳ್ಳಿ ನಾಣ್ಯಗಳಿಗೆ ಮಾತ್ರ. ಅದು ಕೋಹೆನ್ ಅನ್ನುವವರ 19ನೇ ಶತಮಾನದ ಪಟ್ಟಿಯ ನಂಬರ್‌ಗಳನ್ನೇ ಉಳಿಸಿಕೊಂಡಿದೆ. ಆ ಪಟ್ಟಿಯಲ್ಲಿ ಇಲ್ಲದ ಬಗೆಗಳನ್ನು ಎ, ಬಿ ಅಂತ ಮಧ್ಯೆ ತೂರಿಸಿದ್ದಾರೆ, ನಿಮ್ಮ 16ಎ ಬಂದದ್ದು ಹಾಗೆ.

ನಂಬರ್ ಪಕ್ಕ ‘ವಾರ್’ (var.) ಅಂತಿದ್ದರೆ ಸಣ್ಣ ವ್ಯತ್ಯಾಸ ಇದೆ ಅಂತ. ‘ಸಿಎಫ್’ (cf.) ಅಂದರೆ ಹೋಲಿಸಿ ನೋಡಿ, ಪಕ್ಕಾ ಅದೇ ಅಲ್ಲ ಅಂತ. ಬೆಲೆಗೂ ಈ ನಂಬರ್‌ಗಳಿಗೂ ಸಂಬಂಧವೇ ಇಲ್ಲ.

ಸುಮ್ನೆ ಚೀಟಿ ನಂಬಬೇಡಿ. ಆನ್‌ಲೈನ್‌ನಲ್ಲಿ ‘ಓಕ್ರೆ’ (OCRE) ಅನ್ನುವ ಉಚಿತ ಡೇಟಾಬೇಸ್ ಇದೆ, ಅಲ್ಲಿ ಟೈಬೀರಿಯಸ್ 30 ತೆಗೆದು ಫೋಟೋ ಪಕ್ಕ ನಿಮ್ಮ ನಾಣ್ಯ ಇಟ್ಟು ನೋಡಿ. ಆ ಹೆಂಗಸಿನ ಕುರ್ಚಿ ಕಾಲುಗಳಲ್ಲಿ ಕೆತ್ತನೆ ಇದೆಯಾ ಅಂತ ಲೆನ್ಸ್ ಹಿಡಿದು ನೋಡಿ, ಸಾದಾ ಇದ್ದರೆ ಅದು 30 ಅಲ್ಲ.