ಫೋರ್ಟ್ರಾನ್ 77 ಕೋಡಲ್ಲಿ ಗೋಟು ತೆಗೆಯೋ ಮುಂಚೆ

ನಿಮ್ಮ ಗೈಡ್ ಕೊಟ್ಟ ಹಳೇ ಕೋಡನ್ನ ಜಿಫೋರ್ಟ್ರಾನ್ ಕಂಪೈಲರ್‌ಗೆ ಹಾಕಿದ್ರೆ ವಾರ್ನಿಂಗ್ ಮೇಲೆ ವಾರ್ನಿಂಗ್ ಬರ್ತಿದೆ, ಎಲ್ಲಾ ಕಂಪ್ಯೂಟೆಡ್ ಗೋಟೂನೂ (ಬೆಲೆ ನೋಡಿ ಪಟ್ಟಿಯಲ್ಲಿರೋ ಒಂದು ಲೇಬಲ್‌ಗೆ, ಅಂದ್ರೆ ಸಾಲಿಗೆ ಕೊಟ್ಟ ನಂಬರಿಗೆ, ಹಾರೋದು) ಸೆಲೆಕ್ಟ್ ಕೇಸ್ (ಬೆಲೆಗೊಂದು ಬೇರೆ ಬ್ಲಾಕ್) ಮಾಡ್ಬಿಡ್ಲಾ ಅಂತ ಕೇಳಿದೀರಲ್ಲ, ಮಾಡಿ, ಆದ್ರೆ ಕಣ್ಮುಚ್ಕೊಂಡು ಮಾತ್ರ ಬೇಡ. ಮೊದ್ಲು ಕೋಡು ಹೇಗಿದ್ಯೋ ಹಾಗೇ ಲೆಗಸಿ ಫ್ಲ್ಯಾಗ್ (ಹಳೇ ಶೈಲಿ ಒಪ್ಕೋ ಅಂತ ಕಂಪೈಲರ್‌ಗೆ ಹೇಳೋ ಆಯ್ಕೆ) ಕೊಟ್ಟು ಓಡ್ಸಿ, ನಾಲ್ಕೈದು ಇನ್‌ಪುಟ್‌ಗೆ ಬಂದ ಔಟ್‌ಪುಟ್ ಎತ್ತಿಟ್ಕೊಳ್ಳಿ, ಆಮೇಲೆ ಒಂದೊಂದು ಗೋಟು ಬದಲಾಯಿಸ್ದಾಗ್ಲೂ ಹೊಸ ಔಟ್‌ಪುಟ್‌ಗೂ ಹಳೇದಕ್ಕೂ ಏನು ವ್ಯತ್ಯಾಸ ಅಂತ ಡಿಫ್ ಹಾಕಿ ನೋಡಿ.

ಅರಿತ್ಮೆಟಿಕ್ ಇಫ್ ಸುಲಭ. 1957ರ ಐಬಿಎಂ 704 ಕಂಪ್ಯೂಟರ್ ಕಾಲದ್ದು ಅದು, ಆಗ ಲಾಜಿಕಲ್ ಇಫ್ (ಹೌದಾ-ಇಲ್ವಾ ಅಂತ ಕೇಳೋ ಇಫ್) ಅನ್ನೋದೇ ಇರ್ಲಿಲ್ಲ. ಮೂರು ಲೇಬಲ್ ಇರುತ್ತೆ, ಬೆಲೆ ಮೈನಸ್ ಇದ್ರೆ ಮೊದಲ್ನೇದು, ಸೊನ್ನೆಗೆ ಎರಡ್ನೇದು, ಪ್ಲಸ್‌ಗೆ ಮೂರ್ನೇದು. 10, 20, 20 ಅಂತ ಇದ್ರೆ ಅದು ಬರೀ 'ಸೊನ್ನೆಗಿಂತ ಕಮ್ಮಿನಾ' ಅನ್ನೋ ಪ್ರಶ್ನೆ ಅಷ್ಟೇ. ಫೋರ್ಟ್ರಾನ್ 2018ರಲ್ಲಿ ಇದನ್ನ ಸ್ಟ್ಯಾಂಡರ್ಡ್‌ನಿಂದ ಕಿತ್ತೇ ಹಾಕಿದಾರೆ.

ಕೈ ಕೊಡೋದು ಕಂಪ್ಯೂಟೆಡ್ ಗೋಟು. ನಾನೂ ಒಂದ್ಸಲ ಗೋಟು (10, 20, 30), ಕೆ ಅಂತ (ಕೆ 1 ಇದ್ರೆ 10ಕ್ಕೆ, 2 ಇದ್ರೆ 20ಕ್ಕೆ, 3 ಇದ್ರೆ 30ಕ್ಕೆ) ಇದ್ದಿದ್ದನ್ನ ನೀಟಾಗಿ ಮೂರು ಕೇಸ್ ಮಾಡ್ದೆ, ಕಂಪೈಲ್ ಆಯ್ತು, ಉತ್ತರ ಮಾತ್ರ ತಪ್ಪು, ಎರಡು ದಿನ ತಲೆ ಕೆರ್ಕೊಂಡೆ. ನೋಡಿದ್ರೆ 10ರ ಬ್ಲಾಕ್ ಕೊನೇಲಿ ಹೊರಗೆ ಹೋಗೋ ಗೋಟೇ ಇಲ್ಲ, ಬೇಕಂತ್ಲೇ 20ರೊಳಗೆ ಇಳಿಯುತ್ತೆ! ಫೋರ್ಟ್ರಾನಿನ ಸೆಲೆಕ್ಟ್ ಕೇಸ್ ಹಾಗೆ ಇಳಿಯಲ್ಲ, ಸಿ ಭಾಷೇಲಿ ಬರೆಯೋರಿಗೆ ಇದು ಇನ್ನೂ ಗೊಂದಲ, ಅಲ್ಲಿನ ಸ್ವಿಚ್ ಇಳಿಯುತ್ತೆ. ಇನ್ನೊಂದು, ಕೆ ಬೆಲೆ 0 ಅಥ್ವಾ 4 ಬಂದ್ರೆ ಎರರ್ ಬರಲ್ಲ, ಗೋಟು ಆದ್ಮೇಲಿನ ಸಾಲಿಗೆ ಹೋಗುತ್ತೆ, ಆ ಸಾಲು ಸಾಮಾನ್ಯವಾಗಿ 10ನೇ ಲೇಬಲ್ಲೇ ಆಗಿರುತ್ತೆ. ಅಂಥ ಕಡೆ ಕೆ ನ ಬೇರೆ ವೇರಿಯಬಲ್‌ಗೆ ತಗೊಂಡು, 1ರಿಂದ 3ರ ಹೊರಗಿದ್ರೆ 1 ಅಂತ ಮಾಡಿ, ಆಮೇಲೆ 1 ಇದ್ರೆ ಮೊದಲ ಬ್ಲಾಕ್, 1 ಅಥ್ವಾ 2 ಇದ್ರೆ ಎರಡ್ನೇದು ಅಂತ ಸಾಲಾಗಿ ಇಫ್ ಬರೀರಿ.

ಹಿಂದಕ್ಕೆ ಹಾರೋ ಗೋಟುಗಳು ಹೆಚ್ಚಾಗಿ ಲೂಪೇ, ಡೂ ಹಾಕಿ ಎಕ್ಸಿಟ್ (ಲೂಪಿಂದ ಹೊರಗೆ), ಸೈಕಲ್ (ಮುಂದಿನ ಸುತ್ತಿಗೆ) ಬಳಸಿ. ಎರರ್ ಬಂದಾಗ ನೇರ 999ನೇ ಲೇಬಲ್‌ಗೆ ಹೋಗೋ ಗೋಟು ಇದ್ರೆ ನಾನಂತೂ ಮುಟ್ಟಲ್ಲ, ಸಾದಾ ಗೋಟು ಇನ್ನೂ ಸ್ಟ್ಯಾಂಡರ್ಡಲ್ಲೇ ಇದೆ.

ನೀವು ಪ್ರಶ್ನೆ ಜೊತೆ ಹಾಕಿರೋ ಕೋಡ್ ತುಂಡಲ್ಲಿ 30ಕ್ಕೆ ಕೆಳಗಿಂದ ಇನ್ನೊಂದು ಗೋಟು ಬರ್ತಿದೆ, ಗ್ರೆಪ್ ಮಾಡಿ ಎಲ್ಲೆಲ್ಲಿ ಬಳಸಿದೆ ಅಂತ ಹುಡುಕದೆ ಆ ಲೇಬಲ್ ಅಳಿಸ್ಬೇಡಿ.